ಕತ್ತರಿಸಿದ ಕೈ, ಚಾಚಿದ ಕೈ: ಜಕಣಾಚಾರಿಯ ಐತಿಹ್ಯಕ್ಕೆ ಒಂದು ದೈವಶಾಸ್ತ್ರೀಯ ವಿಮರ್ಶೆ

ಉತ್ತರ ಕನ್ನಡ ಜಿಲ್ಲೆಯ ದಾಖಲೆಗಳಲ್ಲಿ ಸೂಪಾ ಎಂಬ ತಾಲ್ಲೂಕಿದೆ. ಆದರೆ ಸೂಪಾ ಎಂಬ ಹಳೆಯ ಊರು ಇಂದಿಲ್ಲ. ಕಾಳೀ ನದಿಗೆ ಅಡ್ಡಲಾಗಿ 101 ಮೀಟರ್ ಎತ್ತರದ ಅಣೆಕಟ್ಟು ಎದ್ದು, 1980ರ ದಶಕದಲ್ಲಿ ನೀರು ನಿಂತಾಗ, ತಾಲ್ಲೂಕಿನ ಕೇಂದ್ರವಾಗಿದ್ದ ಆ ಊರು ಸುತ್ತಲಿನ ಹಳ್ಳಿಗಳೊಡನೆ ಮುಳುಗಿಹೋಯಿತು. ಕಚೇರಿಗಳು ಜೋಯಿಡಾದಲ್ಲಿ ನೆಲೆಗೊಂಡವು; ಅನೇಕ ಕುಟುಂಬಗಳು ರಾಮನಗರಕ್ಕೆ ಹೋಗಿ ಒಲೆ ಹೂಡಿದವು. ನೀರಿನಡಿಗೆ ಹೋದದ್ದು ಮನೆ, ಹೊಲ, ದಾರಿಗಳಷ್ಟೇ ಎಂದು ಲೆಕ್ಕ ಬರೆಯುವವರು ಬರೆದಾರು. ಆ ಮನೆಗಳ ತೊಲೆಯನ್ನು ಕೆತ್ತಿದ, ಆ ಬಾವಿಗಳ ಕಲ್ಲನ್ನು ಕಟ್ಟಿದ ಕೈಗಳ ಕೆಲಸವೂ ಅದರೊಡನೆಯೇ ಹೋಯಿತು. ಅಂತಹ ಸೀಮೆಯಲ್ಲಿ ವಾಕ್ಯಸೇವೆಗೆ ನಿಲ್ಲುವ ಸಭಾಪಾಲಕರ ಮುಂದೆ ಒಂದು ಪ್ರಶ್ನೆ ತಾನಾಗಿ ಬಂದು ನಿಲ್ಲುತ್ತದೆ: ಮಾಡಿದ ಕೆಲಸ ಉಳಿಯದೆ ಹೋದರೆ, ಮಾಡಿದವನು ಯಾವುದರಲ್ಲಿ ಉಳಿಯುತ್ತಾನೆ?

ಈ ಪ್ರಶ್ನೆಗೆ ಕನ್ನಡ ಜನಮನವು ಬಹುಕಾಲದಿಂದ ಒಂದು ಉತ್ತರವನ್ನು ಇಟ್ಟುಕೊಂಡಿದೆ. ಆ ಉತ್ತರದ ಹೆಸರು ಅಮರಶಿಲ್ಪಿ ಜಕಣಾಚಾರಿ. ಅವನು ಶಾಸ್ತ್ರಾರ್ಥದಲ್ಲಿ ದೇವತೆಯಲ್ಲ ಎಂಬುದು ನಿಜ. ಆದರೂ ಕೈಗೆಲಸಕ್ಕೂ ಅದರ ಉಳಿವಿಗೂ ಅಧಿದೇವತೆಯೊಬ್ಬನು ಇರುವುದಾದರೆ ಹೇಗಿರಬೇಕೆಂದು ಜನರು ಬಯಸಿದರೋ ಹಾಗೆಯೇ ಅವನನ್ನು ಕಡೆದುಕೊಂಡಿದ್ದಾರೆ. ಈ ಲೇಖನದಲ್ಲಿ ನಾವು ಆ ಐತಿಹ್ಯವನ್ನು ಒಂದು ಕೃತಿಯೆಂದೇ ಭಾವಿಸಿ ಓದಲು ಯತ್ನಿಸುತ್ತೇವೆ. ಅದು ಕೈಗೆಲಸಗಾರನಿಗೆ ನೀಡುವ ಗೌರವ ದೊಡ್ಡದು. ಆದರೆ ಆ ಗೌರವಕ್ಕೆ ಅದು ಕೇಳುವ ಬೆಲೆ ಸುವಾರ್ತೆಯು ಎಂದಿಗೂ ಕೇಳದ ಬೆಲೆ. ಇದೇ ನಮ್ಮ ವಾದ. ಅದೇ ಬೆಲೆಯನ್ನು ನಮ್ಮ ಸಭೆಗಳೂ ಸದ್ದಿಲ್ಲದೆ ಕೇಳುತ್ತಿವೆಯೋ ಏನೋ ಎಂಬ ಶಂಕೆಯೇ ನಮ್ಮನ್ನು ಬರೆಯಲು ಪ್ರೇರಿಸಿತು.

ಐತಿಹ್ಯ ಮತ್ತು ಶಾಸನ

ಕಥೆ ಎಲ್ಲರಿಗೂ ತಿಳಿದದ್ದೇ. ಹೆಂಡತಿಯನ್ನು ತೊರೆದು ಕಲೆಯ ಬೆನ್ನು ಹತ್ತಿದ ಜಕಣಾಚಾರಿ ಊರೂರು ಅಲೆದು ದೇಗುಲಗಳನ್ನು ಕಟ್ಟುತ್ತಾನೆ. ಬೇಲೂರಿನಲ್ಲಿ ಪ್ರತಿಷ್ಠೆಗೆ ಸಿದ್ಧವಾದ ವಿಗ್ರಹದ ಕಲ್ಲಿನಲ್ಲಿ ದೋಷವಿದೆಯೆಂದು ಅಪರಿಚಿತ ಯುವಕನೊಬ್ಬನು ಹೇಳುತ್ತಾನೆ. ದೋಷ ತೋರಿದರೆ ಬಲಗೈಯನ್ನೇ ಕತ್ತರಿಸಿಕೊಳ್ಳುವೆನೆಂದು ಹಿರಿಯನು ಪಣ ತೊಡುತ್ತಾನೆ. ವಿಗ್ರಹಕ್ಕೆ ಗಂಧ ಬಳಿದಾಗ ನಾಭಿಯ ಬಳಿ ಮಾತ್ರ ಅದು ಒಣಗದೆ ಉಳಿಯುತ್ತದೆ; ಅಲ್ಲಿ ಉಳಿಯಿಟ್ಟರೆ ನೀರೂ ಕಪ್ಪೆಯೂ ಹೊರಬರುತ್ತವೆ. ಹಿರಿಯನು ಕೈ ಕಳೆದುಕೊಳ್ಳುತ್ತಾನೆ. ಆ ಯುವಕನು ತಂದೆಯನ್ನು ಅರಸಿ ಹೊರಟ ಅವನ ಸ್ವಂತ ಮಗ ಡಂಕಣಾಚಾರಿಯೆಂದು ಆಮೇಲೆ ತಿಳಿಯುತ್ತದೆ. ಹುಟ್ಟೂರು ಕ್ರೀಡಾಪುರದಲ್ಲಿ ಚೆನ್ನಕೇಶವನ ಗುಡಿಯನ್ನು ಕಟ್ಟಿ ಮುಗಿಸಿದಾಗ ಅವನ ಕೈ ಮರಳಿ ಬರುತ್ತದೆ, ಊರು ಕೈದಾಳವೆನಿಸುತ್ತದೆ.

ಶಾಸನಗಳು ಹೇಳುವ ಕಥೆ ಬೇರೆ. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠಾಪಿಸಿದ ಬೇಲೂರಿನ ದೇಗುಲದಲ್ಲಿ ಶಿಲ್ಪಿಗಳು ತಮ್ಮ ವಿಗ್ರಹಗಳ ಪೀಠದಲ್ಲಿ ಹೆಸರು ಕೊರೆದಿದ್ದಾರೆ. ಬಳ್ಳಿಗಾವೆಯಿಂದ ಬಂದ ದಾಸೋಜನಿದ್ದಾನೆ. ಅವನ ಮಗ ಚಾವಣನಿದ್ದಾನೆ. ಮುಂದಿನ ತಲೆಮಾರುಗಳಲ್ಲಿ ಅಮೃತಾಪುರದಿಂದ ಸೋಮನಾಥಪುರದವರೆಗೆ ಹಲವು ದಶಕಗಳ ಕಾಲ ದುಡಿದ ರೂವಾರಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಕಾಣುತ್ತದೆ. ಹೊಯ್ಸಳ ಶಿಲ್ಪಿಗಳ ಈ ಸಹಿಗಳ ನಡುವೆ ಜಕಣಾಚಾರಿಯ ಹೆಸರನ್ನು ಸಂಶೋಧಕರು ಕಂಡಿಲ್ಲ. ಕೈದಾಳದ ಗುಡಿಯೂ ಸುಮಾರು 1150ರಲ್ಲಿ ಹೊಯ್ಸಳ ಸಾಮಂತನಾದ ಗೂಳಿಬಾಚಿಯು ಕಟ್ಟಿಸಿದ್ದೆಂದು ಅಲ್ಲಿನ ಶಾಸನದಿಂದ ತಿಳಿಯುತ್ತದೆ.

ಇಲ್ಲಿ ವಿಮರ್ಶಕನು ಗಮನಿಸಬೇಕಾದ ಒಂದು ಸಂಗತಿಯಿದೆ. ಬೇಲೂರಿನಲ್ಲಿ ನಿಜವಾಗಿಯೂ ಒಬ್ಬ ತಂದೆಯೂ ಒಬ್ಬ ಮಗನೂ ಒಂದೇ ಗುಡಿಯಲ್ಲಿ ದುಡಿದರು. ಇಬ್ಬರೂ ಸಹಿ ಹಾಕಿದರು. ಯಾರ ಕೈಯೂ ಕತ್ತರಿಸಿಹೋಗಲಿಲ್ಲ. ಜನಮನವು ಆ ದಾಸೋಜ ಚಾವಣರನ್ನು ಮರೆತು ಜಕಣ ಡಂಕಣರನ್ನು ನೆನಪಿಟ್ಟುಕೊಂಡಿತು. ಧಾರವಾಡ ಸೀಮೆಯಲ್ಲಿ ಚಾಲುಕ್ಯರ ಕಾಲದ ಗುಡಿಗಳನ್ನೂ ಜಕಣಾಚಾರಿಯ ಕೆಲಸವೆಂದೇ ಕರೆಯುವ ವಾಡಿಕೆ ಬೆಳೆಯಿತು. 1964ರಲ್ಲಿ ಬಿ. ಎಸ್. ರಂಗಾ ಅವರು ಕನ್ನಡದ ಮೊದಲ ಪೂರ್ಣ ವರ್ಣಚಿತ್ರವನ್ನು ತೆಗೆದಾಗ ಆರಿಸಿಕೊಂಡದ್ದೂ ಇದೇ ಕಥೆಯನ್ನು. ಇಂದು ರಾಜ್ಯ ಸರ್ಕಾರವು ಶಿಲ್ಪಿಗಳಿಗೆ ನೀಡುವ ಪ್ರಶಸ್ತಿಯೂ ಜಕಣಾಚಾರಿಯ ಹೆಸರಿನದು. ನೂರಾರು ವರ್ಷಗಳ, ನೂರಾರು ಜನರ ದುಡಿಮೆಯೆಲ್ಲ ಒಂದೇ ಹೆಸರಿನೊಳಗೆ ಹರಿದು ಸೇರಿತು. ಅಮರತ್ವವೆಂಬುದು ಅನೇಕರ ಹೆಸರುಗಳನ್ನು ನುಂಗಿ ಒಬ್ಬನನ್ನು ಬೆಳೆಸುವ ಬಗೆ ಇದು.

ಕಲ್ಲಿನೊಳಗಿನ ಕಪ್ಪೆ

ಆದರೂ ಸುಳ್ಳೆಂದು ಹೇಳಿ ಐತಿಹ್ಯವನ್ನು ಬದಿಗೆ ಸರಿಸುವುದು ಒಳ್ಳೆಯ ಓದಲ್ಲ. ಜನರು ಸುಮ್ಮಸುಮ್ಮನೆ ಒಂದು ಕಥೆಯನ್ನು ಇಷ್ಟು ಕಾಲ ಹೊತ್ತುಕೊಂಡು ಬರುವುದಿಲ್ಲ. ಕೈಗೆಲಸದ ಬಗೆಗೆ ಈ ಕಥೆಗೆ ಗೊತ್ತಿರುವ ಸತ್ಯ ಆಳವಾದದ್ದು: ಅತ್ಯಂತ ನಿಪುಣನ ಕೆಲಸದಲ್ಲಿಯೂ ಅವನಿಗೆ ಕಾಣದ ದೋಷವೊಂದು ಇರುತ್ತದೆ, ಅದನ್ನು ಕಾಣುವವನು ಅವನ ನಂತರ ಬರುವವನು. ಮೇಲ್ಮೈ ನುಣುಪಾಗಿದ್ದ ಕಲ್ಲಿನ ಹೊಟ್ಟೆಯಲ್ಲಿ ಜೀವವಿರುವ ಕಪ್ಪೆ ಕುಳಿತಿದೆ ಎಂಬ ಚಿತ್ರವು ಮನುಷ್ಯನ ಎಲ್ಲ ಪರಂಪರೆಗಳಿಗೂ ಅನ್ವಯಿಸುತ್ತದೆ. ಪ್ರಸಂಗಿಯು ತನ್ನ ಗ್ರಂಥದ ಎರಡನೆಯ ಅಧ್ಯಾಯದಲ್ಲಿ, ತಾನು ಪ್ರಯಾಸದಿಂದ ಗಳಿಸಿದ್ದನ್ನು ತನ್ನ ನಂತರ ಬರುವವನಿಗೆ ಬಿಟ್ಟುಹೋಗಬೇಕಲ್ಲ, ಅವನು ಜ್ಞಾನಿಯೋ ಮೂಢನೋ ಎಂದು ಹಲುಬುತ್ತಾನೆ. ಐತಿಹ್ಯವು ಆ ಅಳಲನ್ನು ತಿರುಗಿಸಿ ಹಿಡಿಯುತ್ತದೆ. ಬರುವವನು ಮೂಢನಾದರೆ ನಷ್ಟ, ಜ್ಞಾನಿಯಾದರೆ ನ್ಯಾಯತೀರ್ಪು.

ಸಭಾಪಾಲಕರಾದ ನಮಗೆ ಈ ಮಾತು ಹೊಸದಲ್ಲ. ಹೊಸ ಸಭೆಗೆ ವರ್ಗವಾಗಿ ಹೋದ ಮೊದಲ ತಿಂಗಳಲ್ಲಿಯೇ ಹಿಂದಿನ ಅಯ್ಯನವರು ಕಟ್ಟಿದ ಕಲ್ಲಿನಲ್ಲಿ ನಾವು ಕಪ್ಪೆಯನ್ನು ಹುಡುಕತೊಡಗುತ್ತೇವೆ. ಸಿಕ್ಕಿತೆಂದರೆ ಒಳಗೊಳಗೇ ಒಂದು ಸಂತೋಷ. ನಮ್ಮ ಕಲ್ಲಿನೊಳಗಿನದು ಸಿಗಲು ಮುಂದಿನ ವರ್ಗಾವಣೆಯವರೆಗೆ ಸಮಯವಿದೆ.

ಐತಿಹ್ಯದ ತಪ್ಪು ದೋಷವನ್ನು ಕಂಡುಕೊಂಡುದರಲ್ಲಿ ಇಲ್ಲ. ಆ ದೋಷದೊಡನೆ ಏನು ಮಾಡಬೇಕೆಂದು ಹೇಳುವುದರಲ್ಲಿ ಇದೆ. ಕೆಲಸದಲ್ಲಿ ಕೊರತೆ ಕಂಡರೆ ಕೆಲಸಗಾರನನ್ನೇ ಕೊರೆಯಬೇಕೆಂಬುದು ಅದರ ನ್ಯಾಯ. ಕಲ್ಲಿನ ಗುಣವು ಕೈಯ ಗುಣವಾಯಿತು, ಕೈಯ ಗುಣವು ಮನುಷ್ಯನ ಯೋಗ್ಯತೆಯಾಯಿತು. ರಾಜನಾಗಲಿ ದೇವರಾಗಲಿ ಆ ಶಿಕ್ಷೆಯನ್ನು ವಿಧಿಸಲಿಲ್ಲ. ಅವನೇ ಪಣವಿಟ್ಟ, ಅವನೇ ತೀರ್ಪಿತ್ತ, ಅವನೇ ಕತ್ತಿಯೆತ್ತಿದ. ಕರ್ತನು ಬಲಗೈ ಪಾಪಕ್ಕೆ ಕಾರಣವಾದರೆ ಅದನ್ನು ಕಡಿದುಬಿಡುವ ಮಾತನ್ನು ಆಡಲಿಲ್ಲವೇ ಎಂದು ಯಾರಾದರೂ ಮತ್ತಾಯ 5ನೆಯ ಅಧ್ಯಾಯವನ್ನು ತೋರಿಸಿಯಾರು. ಅಲ್ಲಿನ ವಿಷಯ ನೆರೆಯವರಿಗೆ ಕೇಡು ತರುವ ಪಾಪವೇ ಹೊರತು ಕೆಲಸದಲ್ಲಿ ಸೋತ ನೈಪುಣ್ಯವಲ್ಲ. ಆ ಮಾತನ್ನು ಅಕ್ಷರಶಃ ಹಿಡಿಯುವ ದಾರಿಯನ್ನೂ ಸಭೆಯು ಬಹು ಬೇಗನೆ ಮುಚ್ಚಿತು: ಆರೋಗ್ಯವಂತನಾಗಿದ್ದೂ ತನ್ನ ಅಂಗವನ್ನು ತಾನೇ ಛೇದಿಸಿಕೊಂಡವನನ್ನು ಯಾಜಕ ಸೇವೆಯಿಂದ ದೂರವಿಡುವುದೇ 325ರ ನಿಕೇಯ ಮಹಾಸಭೆಯ ಮೊದಲನೆಯ ನಿಯಮವಾಗಿದೆ.

ಕ್ರೈಸ್ತ ಲೇಖಕನೊಬ್ಬನು ಕಟ್ಟಿಕೊಂಡ ಕೈಗೆಲಸದ ದೇವತೆಯ ಕಥೆಯೊಂದನ್ನು ಇದರ ಪಕ್ಕದಲ್ಲಿ ಇಡಬಹುದು. ಕಥೋಲಿಕನಾದ ಇಂಗ್ಲಿಷ್ ಸಾಹಿತಿ ಜೆ. ಆರ್. ಆರ್. ಟೋಲ್ಕಿನ್ ತನ್ನ ಕಲ್ಪಿತ ಪುರಾಣವಾದ 'ಸಿಲ್ಮರಿಲಿಯನ್'ನಲ್ಲಿ ಔಲೆ ಎಂಬ ಕಮ್ಮಾರ ದೇವತೆಯನ್ನು ತರುತ್ತಾನೆ. ತನ್ನ ಜ್ಞಾನವನ್ನು ಕಲಿಸಲು ಶಿಷ್ಯರು ಬೇಕೆಂಬ ಆತುರದಲ್ಲಿ ಅವನು ಸೃಷ್ಟಿಕರ್ತನ ಅಪ್ಪಣೆಗೆ ಕಾಯದೆ ಕುಳ್ಳರ ಕುಲವೊಂದನ್ನು ಮಾಡುತ್ತಾನೆ. ತಪ್ಪು ಬಯಲಾದಾಗ ಕಣ್ಣೀರಿಡುತ್ತ ಅವರನ್ನು ಒಡೆಯಲು ಸುತ್ತಿಗೆ ಎತ್ತುತ್ತಾನೆ. ಸೃಷ್ಟಿಕರ್ತನು ಅವನನ್ನು ತಡೆದು ಆ ಕುಳ್ಳರನ್ನೇ ತನ್ನ ಮಕ್ಕಳನ್ನಾಗಿ ಸ್ವೀಕರಿಸುತ್ತಾನೆ. ಇಲ್ಲಿಯೂ ದೋಷವಿದೆ, ಎತ್ತಿದ ಕೈಯಿದೆ. ಆದರೆ ಆ ಕೈ ಇಳಿಯುವ ಮೊದಲೇ ಕೃಪೆ ಬಂದಿದೆ. ಟೋಲ್ಕಿನ್ 1973ರಲ್ಲಿ ತೀರಿಕೊಂಡಾಗ ಆ ಗ್ರಂಥವಿನ್ನೂ ಮುಗಿದಿರಲಿಲ್ಲ. ಮಗ ಕ್ರಿಸ್ಟೋಫರನು ತಂದೆಯ ಹಸ್ತಪ್ರತಿಗಳನ್ನು ಹೊಂದಿಸಿ 1977ರಲ್ಲಿ ಅದನ್ನು ಪ್ರಕಟಿಸಿದನು. ತಂದೆಯ ಕೆಲಸದಲ್ಲಿ ಮಗನು ಬಿರುಕುಗಳನ್ನು ಕಾಣದೆ ಇರಲಿಲ್ಲ. ಕಂಡು ಅವನ್ನು ಬೆಸೆಯಲು ಕುಳಿತನು.

ಎರಡು ಕೈಗಳು

ಕೈದಾಳದ ಕೈಯೂ ಮರಳಿ ಬಂತಲ್ಲ, ಅದು ಕೃಪೆಯಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಕೃಪೆಯೇ ಹೌದು, ಭಕ್ತಿಪರಂಪರೆಗೆ ಕೃಪೆಯ ಅರಿವಿಲ್ಲವೆಂದು ಬರೆಯುವವರ ಸಾಲಿನಲ್ಲಿ ನಾವು ನಿಲ್ಲಲಾರೆವು. ಆದರೆ ಅದು ಬರುವ ಹೊತ್ತನ್ನು ಗಮನಿಸಬೇಕು. ಗುಡಿ ಮುಗಿದ ಮೇಲೆ ಕೈ ಬರುತ್ತದೆ. ಕೈಯಿಲ್ಲದವನು ಮೊದಲು ಇನ್ನೊಂದು ದೇಗುಲವನ್ನು ಕಟ್ಟಿ ತೋರಿಸಬೇಕಾಯಿತು.

ಮಾರ್ಕನ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿ ಇನ್ನೊಂದು ಕೈಯಿದೆ. ಸಭಾಮಂದಿರದಲ್ಲಿ ಕೈಬತ್ತಿದವನೊಬ್ಬನು ಕುಳಿತಿದ್ದಾನೆ. ಅದು ಬಲಗೈಯೆಂದು ಲೂಕನು ಸೇರಿಸುತ್ತಾನೆ. ಸಂತ ಜೆರೋಮನು ಮತ್ತಾಯನ ಸುವಾರ್ತೆಗೆ ಬರೆದ ವ್ಯಾಖ್ಯಾನದಲ್ಲಿ, ನಜರೇನರು ಬಳಸುತ್ತಿದ್ದ ಸುವಾರ್ತೆಯೊಂದು ಇವನನ್ನು ಕಲ್ಲುಕೆಲಸದವನೆಂದು ಹೇಳುವುದನ್ನು ದಾಖಲಿಸಿದ್ದಾನೆ: ಕೈಯಿಂದ ದುಡಿದು ಉಣ್ಣುತ್ತಿದ್ದವನು, ಭಿಕ್ಷೆಯ ನಾಚಿಕೆಯಿಂದ ತಪ್ಪಿಸೆಂದು ಯೇಸುವನ್ನು ಬೇಡಿಕೊಂಡವನು. ಅದು ಅಂಗೀಕೃತ ಗ್ರಂಥವಲ್ಲವಾದರೂ ಆದಿಸಭೆಯ ಒಂದು ಭಾಗವು ಆ ಕೈಯನ್ನು ಹೇಗೆ ನೋಡಿತೆಂಬುದಕ್ಕೆ ಸಾಕ್ಷಿ. ಬಡಗಿಯೆಂದು ಹೆಸರಾದವನ ಮುಂದೆ ಕೆಲಸ ಕಳೆದುಕೊಂಡ ಕಲ್ಲುಕುಟಿಗನು ನಿಂತಿದ್ದಾನೆ. ಆ ದಿನವಾದರೂ ಎಂಥದು? ಸಬ್ಬತ್ ದಿನ, ಯಾವ ಕೈಗೂ ಕೆಲಸವಿಲ್ಲದ ದಿನ. ಕರ್ತನು ಅವನಿಗೆ ಕೈ ಚಾಚೆಂದು ಹೇಳುತ್ತಾನೆ; ಅದು ವಾಸಿಯಾಗುತ್ತದೆ. ಅವನು ಏನನ್ನೂ ಕಟ್ಟಿರಲಿಲ್ಲ. ಅಂದು ಏನನ್ನೂ ಕಟ್ಟುವಂತೆಯೂ ಇರಲಿಲ್ಲ. ಕೈ ದುಡಿಮೆಗೆ ಮರಳುವ ಮೊದಲೇ ಅದು ಮನುಷ್ಯನ ಕೈಯಾಗಿ ಪ್ರಿಯವಾಗಿದೆ ಎಂಬುದೇ ಆ ಸಬ್ಬತ್ತಿನ ಉಪದೇಶ.

ವಿಮೋಚನಕಾಂಡದ ಕ್ರಮವೂ ಇದನ್ನೇ ಕಲಿಸುತ್ತದೆ. 31ನೆಯ ಅಧ್ಯಾಯದ ಮೊದಲ ಭಾಗದಲ್ಲಿ ಯೆಹೋವನು ಯೆಹೂದ ಕುಲದ ಬೆಚಲೇಲನನ್ನು ಹೆಸರು ಹಿಡಿದು ಕರೆದು ದೇವರಾತ್ಮದಿಂದ ತುಂಬಿಸುತ್ತಾನೆ. ದಾನ್ ಕುಲದ ಒಹೊಲೀಯಾಬನನ್ನು ಅವನಿಗೆ ಜೊತೆಯಾಗಿ ಕೊಡುತ್ತಾನೆ. ಕೂಡಲೇ ಬರುವುದು ಸಬ್ಬತ್ತಿನ ಆಜ್ಞೆ. ಆಮೇಲಿನ ಅಧ್ಯಾಯದಲ್ಲಿ ಚಿನ್ನದ ಹೋರಿಕರು. ವರ, ವಿಶ್ರಾಂತಿ, ವಿಗ್ರಹ ಎಂಬ ಈ ಮೂರರ ಅನುಕ್ರಮ ಆಕಸ್ಮಿಕವೆಂದು ನಮಗೆ ತೋರುವುದಿಲ್ಲ. ವರ ಪಡೆದ ಕೈಗಳು ಕೆಳಗಿಳಿಯಲು ಕಲಿಯದಿದ್ದರೆ ಅವು ಮಾಡಿದ್ದಕ್ಕೇ ಅಡ್ಡಬೀಳುತ್ತವೆ. 35ನೆಯ ಅಧ್ಯಾಯ ಇನ್ನೊಂದು ಮಾತನ್ನು ಸೇರಿಸುತ್ತದೆ: ಬೆಚಲೇಲನಿಗೆ ಮಾಡುವ ಕೌಶಲದೊಡನೆ ಕಲಿಸುವ ವರವೂ ದೊರೆಯಿತು. ಅವನ ಪರಂಪರೆಯಿರುವುದು ಅವನು ಕೆತ್ತಿದ್ದರಲ್ಲಿ ಮಾತ್ರವಲ್ಲ, ಅವನು ಕಲಿಸಿದ ಕೈಗಳಲ್ಲಿ. ಅವನು ಕಟ್ಟಿದ್ದಾದರೂ ದೇವದರ್ಶನದ ಗುಡಾರ; ಬಿಚ್ಚಿ ಹೊತ್ತು ನಡೆಯುವಂಥದು.

ಉಳವಿಯ ದಾರಿ

ಸೂಪಾ ಸೀಮೆಯಲ್ಲಿಯೇ ಈ ಮಾತಿಗೆ ಜೊತೆನಿಲ್ಲುವ ಸಾಕ್ಷಿಯೊಂದಿದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣವು ಕದಡಿದಾಗ ಚೆನ್ನಬಸವಣ್ಣನವರ ಜೊತೆ ಶರಣರು ಬಂದು ಸೇರಿದ ಉಳವಿ ಇರುವುದು ಇದೇ ತಾಲ್ಲೂಕಿನ ಕಾಡಿನಲ್ಲಿ. ಭಾರತ ಹುಣ್ಣಿಮೆಯ ಜಾತ್ರೆಗೆ ಧಾರವಾಡ ಬೆಳಗಾವಿಗಳ ಕಡೆಯಿಂದ ಚಕ್ಕಡಿಗಳು ಇಂದಿಗೂ ಬರುತ್ತವೆ. ಮಡಿವಾಳ ಮಾಚಿದೇವ, ಮೇದಾರ ಕೇತಯ್ಯ, ಅಂಬಿಗರ ಚೌಡಯ್ಯ ಎಂದು ಹೆಸರಿನೊಡನೆ ಕಸುಬನ್ನು ತಲೆಯೆತ್ತಿ ಹೊತ್ತ ಆ ಶರಣರು ನಿಂತದ್ದಕ್ಕೂ ನಡೆಯುವುದಕ್ಕೂ, ಸ್ಥಾವರಕ್ಕೂ ಜಂಗಮಕ್ಕೂ ವ್ಯತ್ಯಾಸ ಕಂಡರು. ಬೇಲೂರಿನ ಕಲ್ಲು ಏಳುತ್ತಿದ್ದ ಶತಮಾನದಲ್ಲಿಯೇ ಕಲ್ಲಿನ ಉಳಿವನ್ನು ಪ್ರಶ್ನಿಸಿದ ಕನ್ನಡವೂ ಹುಟ್ಟಿತು. ಮುಳುಗಿದ ಊರಿನ ಜನರಿಗೆ ಈ ವಿವೇಕವನ್ನು ಯಾರೂ ಹೊರಗಿನಿಂದ ತರಬೇಕಾಗಿಲ್ಲ. ಕೈಕುಶಲಿಗರ ಕುಲದೇವತೆಯಾದ ವಿಶ್ವಕರ್ಮನ ಪುರಾಣವೂ ಇದನ್ನು ಬಲ್ಲದು: ಅವನು ಕಟ್ಟಿದ ದ್ವಾರಕೆಯೇ ಕಡಲ ಪಾಲಾಯಿತೆಂದು ಭಾರತದ ಮೌಸಲಪರ್ವ ಹೇಳುತ್ತದೆ.

ನಮಗೆ ಇಲ್ಲಿ ಒಂದು ಪ್ರಶ್ನೆಯನ್ನು ಸೌಹಾರ್ದದಿಂದ ಕೇಳುವ ಅವಕಾಶವಿದೆ. ಕಾಯಕವೇ ಮನುಷ್ಯನ ಗೌರವವಾದರೆ, ಕಾಯಕ ಕೈತಪ್ಪಿದವನ ಗೌರವವೆಲ್ಲಿ? ಕಾರ್ಖಾನೆಯ ಬಾಗಿಲು ಮುಚ್ಚಿ ಮನೆಗೆ ಬಂದ ದಾಂಡೇಲಿಯ ಕಾರ್ಮಿಕನಿಗೆ, ಪಾರ್ಶ್ವವಾಯುವಿನಿಂದ ಉಳಿ ಹಿಡಿಯಲಾರದ ಹಿರಿಯನಿಗೆ ಏನು ಹೇಳೋಣ? ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಮೂರನೆಯ ಅಧ್ಯಾಯದಲ್ಲಿ ತನ್ನನ್ನು ನಿಪುಣ ಶಿಲ್ಪಿಗೆ ಹೋಲಿಸಿಕೊಳ್ಳುತ್ತಾನೆ. ಪ್ರತಿಯೊಬ್ಬನ ಕೆಲಸವನ್ನು ಬೆಂಕಿ ಶೋಧಿಸುವುದೆಂದು ಎಚ್ಚರಿಸುತ್ತಾನೆ. ಆದ್ದರಿಂದ ಹುಲ್ಲಿನಿಂದ ಕಟ್ಟಿದರೂ ನಡೆದೀತೆಂಬ ಉಡಾಫೆಗೆ ಅಲ್ಲಿ ಎಡೆಯಿಲ್ಲ. ಆದರೆ ಅವನ ವಾದದ ತಿರುವು ಅನಂತರ ಬರುತ್ತದೆ: ಕೆಲಸ ಸುಟ್ಟುಹೋದರೂ ಕೆಲಸಗಾರನು ರಕ್ಷಣೆ ಹೊಂದುವನು. ಕಲ್ಲಿಗೂ ಕೈಗೂ ನಡುವೆ ಐತಿಹ್ಯವು ಹಾಕಿದ ಗಂಟನ್ನು ಪೌಲನು ಇಲ್ಲಿ ಬಿಚ್ಚುತ್ತಾನೆ. ಸುಟ್ಟದ್ದಕ್ಕೆ ಹೇಳಿದ್ದನ್ನು ಮುಳುಗಿದ್ದಕ್ಕೂ ಹೇಳಬಹುದು. ಹೇಳುವಾಗ ಒಂದು ಎಚ್ಚರ ಬೇಕು: ಸೂಪಾವನ್ನು ಮುಳುಗಿಸಿದ್ದು ದೇವರ ಶೋಧನೆಯ ಬೆಂಕಿಯಲ್ಲ, ಮನುಷ್ಯರ ನಿರ್ಧಾರ. ಕೆಲಸಗಾರನು ಉಳಿಯುವನೆಂಬ ಭರವಸೆಯು ಅವನ ಕೆಲಸವನ್ನು ಮುಳುಗಿಸಿದವರಿಗೆ ನಾವು ಬರೆದುಕೊಡುವ ಕ್ಷಮಾಪಣ ಪತ್ರವಾಗಬಾರದು.

ನಮ್ಮ ಅಡಿಗಲ್ಲುಗಳು

ಇಷ್ಟು ಹೇಳಿದ ಮೇಲೆ ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್, ಸ್ನಾನ ಹೊಂದಿ ಕುಲವೃತ್ತಿಯನ್ನು ಕಳೆದುಕೊಂಡವರಿಗೆ ನೇಯ್ಗೆ, ಮುದ್ರಣ, ಹೆಂಚುಗಳ ಕಾರ್ಖಾನೆಗಳಲ್ಲಿ ಕೆಲಸ ಕೊಟ್ಟಿತು. 1865ರಲ್ಲಿ ಜೆಪ್ಪುವಿನಲ್ಲಿ ಆರಂಭವಾದ ಹೆಂಚಿನ ಕೆಲಸವು ಕರಾವಳಿಯ ಮನೆಗಳ ಮಾಡನ್ನೇ ಬದಲಿಸಿತು. ಕೈಗೆಲಸವನ್ನು ಕೀಳೆಂದು ಬಗೆದ ಸಮಾಜದಲ್ಲಿ ಅದೊಂದು ಸುವಾರ್ತೆಯೇ. ಆದರೂ ಹೆಂಚನ್ನು ತಿರುವಿ ನೋಡಿದರೆ ಅದರ ಬೆನ್ನಿನಲ್ಲಿ ಒತ್ತಿರುವುದು ಕಾರ್ಖಾನೆಯ ಹೆಸರು. ಮಣ್ಣು ಮಿದಿದವನ ಹೆಸರಲ್ಲ. ಹನ್ನೆರಡನೆಯ ಶತಮಾನದ ಬೇಲೂರು ತನ್ನ ದಾಸೋಜನಿಗೆ ಕೊಟ್ಟ ಅಷ್ಟು ಜಾಗವನ್ನು ನಾವು ಕೊಡಲಿಲ್ಲ.

ಇಂದಿನ ದೇವಾಲಯಗಳ ಅಡಿಗಲ್ಲುಗಳನ್ನು ಓದಿದರೂ ಅದೇ ಕಥೆ. ಪ್ರತಿಷ್ಠೆ ಮಾಡಿದ ಬಿಷಪರು, ಸಭಾಪಾಲಕರು, ಕಟ್ಟಡ ಸಮಿತಿಯವರು, ದಾನಿಗಳು ಎಲ್ಲರ ಹೆಸರೂ ಇರುತ್ತದೆ. ಗಾರೆಯವನ, ಬಡಗಿಯ, ಕಲ್ಲು ಹೊತ್ತ ಹೆಂಗಸಿನ ಹೆಸರು ಇರುವುದಿಲ್ಲ. ಪರಂಪರೆಯ ದೇವತೆಗೆ ನಾವೂ ಗುಡಿ ಕಟ್ಟಿದ್ದೇವೆ. ಅದರ ವಿಗ್ರಹ ಗ್ರಾನೈಟಿನ ಫಲಕ. ತನ್ನ ಕಾಲದಲ್ಲಿ ಒಂದು ಕಟ್ಟಡವನ್ನು ಎಬ್ಬಿಸದ ಸಭಾಪಾಲಕನು ನಮ್ಮ ನಡುವೆ ಕೈಯಿಲ್ಲದವನಂತೆ ನಡೆಯಬೇಕಾಗಿದೆಯಲ್ಲವೇ? ರೋಗಿಗಳ ಮನೆಗಳಲ್ಲಿ ಕುಳಿತು ಸವೆಸಿದ ಅವನ ವರ್ಷಗಳಿಗೆ ಫಲಕವಿಲ್ಲ. ದೇವವಿದ್ಯಾಲಯದ ವಿದ್ಯಾರ್ಥಿಗಳು ಈ ಮಾತನ್ನು ಹೊರಟುಹೋಗುವ ಮೊದಲೇ ಕೇಳಿಸಿಕೊಳ್ಳಲಿ.

ಹಳಿಯಾಳ, ಮುಂಡಗೋಡ ಸೀಮೆಯ ಸಿದ್ದಿ ಹೆಂಗಸರು ಹೊಲಿಯುವ ಕೌದಿಯನ್ನು ನಮ್ಮ ಓದುಗರಲ್ಲಿ ಅನೇಕರು ಹೊದ್ದಿರಬಹುದು. ಹರಿದ ಸೀರೆ, ಸವೆದ ಅಂಗಿಗಳ ತುಂಡುಗಳನ್ನು ಅಂಚಿನಿಂದ ಒಳಮುಖವಾಗಿ ಜೋಡಿಸುತ್ತ ಬರುತ್ತಾರೆ. ಕ್ರೈಸ್ತ ಸಿದ್ದಿಯರ ಕೆಲವು ಕೌದಿಗಳ ನಡುವೆ ಶಿಲುಬೆಯಿರುತ್ತದೆ. ನಾಲ್ಕು ಮೂಲೆಗಳಿಗೆ ಫುಲಾ ಎಂಬ ಮಡಿಚಿದ ಬಟ್ಟೆಯ ಹೂಗಳನ್ನು ಹೊಲಿಯದೆ ಕೌದಿ ಮುಗಿಯಿತೆನ್ನುವುದಿಲ್ಲ. ಅದರ ಮೇಲೆ ಹೆಸರಿಲ್ಲ. ಊರಿನವರಿಗೆ ಯಾರ ಕೈಯೆಂದು ಹೊಲಿಗೆಯಿಂದಲೇ ತಿಳಿಯುತ್ತದೆ. ಅದು ಶಾಶ್ವತವೂ ಅಲ್ಲ. ಕೂಸು ಬೆಳೆಯುವಷ್ಟರಲ್ಲಿ ಸವೆಯುತ್ತದೆ. ಸವೆದದ್ದರ ಮೇಲೆ ಮಗಳು ಇನ್ನೊಂದು ತುಂಡು ಹಚ್ಚುತ್ತಾಳೆ. ಇಲ್ಲಿಯೂ ಹಿಂದಿನವರ ಕೆಲಸದಲ್ಲಿ ಮುಂದಿನವರು ದೋಷ ಕಾಣುತ್ತಾರೆ, ಕಂಡಲ್ಲಿ ಸೂಜಿ ಹಾಕುತ್ತಾರೆ. ಯಾರೂ ಕೈ ಕತ್ತರಿಸಿಕೊಳ್ಳುವುದಿಲ್ಲ.

ಮೋಶೆಯ ಪ್ರಾರ್ಥನೆಯೆಂದು ಹೆಸರಾದ 90ನೆಯ ಕೀರ್ತನೆಯು ಮನುಷ್ಯನು ಹುಲ್ಲಿನಂತೆ ಬಾಡುವುದನ್ನು ನೆನೆದು, ಕೊನೆಗೆ ಕೈಕೆಲಸವನ್ನು ಸ್ಥಿರಪಡಿಸೆಂದು ದೇವರನ್ನು ಬೇಡುತ್ತದೆ. ಸ್ಥಿರಪಡಿಸುವ ಹೊಣೆಯನ್ನು ಆ ಪ್ರಾರ್ಥನೆ ಕೈಗೆ ಬಿಡುವುದಿಲ್ಲ. ನಾವು ಸೇವಿಸುವ ಬಡಗಿಯ ಕೈಗಳಾದರೂ ಕೈದಾಳದ ಕೈಯಂತೆ ಗಾಯದ ಗುರುತಿಲ್ಲದೆ ಮರಳಿ ಬರಲಿಲ್ಲ. ಪುನರುತ್ಥಾನವಾದ ಮೇಲೂ ಅವುಗಳಲ್ಲಿ ಮೊಳೆಯ ಗುರುತಿತ್ತು. ತೋಮನು ಅವನ್ನು ಗುರುತಿಸಿದ್ದು ಅದರಿಂದಲೇ. ಆ ಕೈಗಳನ್ನು ತೋರಿಸಬಲ್ಲ ಸಭೆಯು, ಊರು ಮುಳುಗಿಸಿಕೊಂಡವನ ಮುಂದೆಯೂ ಕೆಲಸ ಕಳೆದುಕೊಂಡವನ ಮುಂದೆಯೂ ಫಲಕಗಳಿಲ್ಲದೆ ನಿಲ್ಲಬಲ್ಲದು.